ಎರಡನೆಯ ಚೀಟಿ

ಸುತ್ತಿ ಬಳಸಿ ಹೇಳುವ ತಾಳ್ಮೆ ನನಗಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ದೇವರ ಮುಂದೆ ಇಟ್ಟ ಎರಡು ಚೀಟಿಗಳಲ್ಲೂ ನಾನು ಒಂದೇ ವಿಷಯ ಬರೆದಿದ್ದೆ. ಮಗಳು ಅದರಲ್ಲಿ ಒಂದನ್ನು ಎತ್ತಿ ಕಣ್ಣಿಗೊತ್ತಿಕೊಂಡು, ಇದು ದೇವರೇ ಹೇಳಿದ್ದು ಎಂದು ನಂಬಿದಳು.

ಆಗ ನವ್ಯಾಗೆ ಹದಿನೆಂಟು. ಬ್ಯಾಡ್ಮಿಂಟನ್ ಆಡುವಾಗ ಮಂಡಿ ತಿರುಚಿಕೊಂಡು ಮೂರು ತಿಂಗಳು ಫಿಸಿಯೋ ಹತ್ತಿರ ಓಡಾಡಿದ ಮೇಲೆ ಅವಳ ತಲೆಯಲ್ಲಿ ಫಿಸಿಯೋ ಆಗುವುದು ಬಿಟ್ಟು ಬೇರೇನೂ ಉಳಿದಿರಲಿಲ್ಲ. ಆ ಫಿಸಿಯೋ ಹುಡುಗಿ ಮೊದಲು ಇಲ್ಲೇ ಮಲೇಷ್ಯಾದಲ್ಲಿ ಒಂದು ಡಿಗ್ರಿ ಮುಗಿಸಿ, ಆಮೇಲೆ ಆಸ್ಟ್ರೇಲಿಯಾಗೆ ಹೋಗಿ ಎರಡು ವರ್ಷ ಫಿಸಿಯೋಥೆರಪಿ ಓದಿದವಳಂತೆ. ಇವಳಿಗೂ ಹಾಗೇ ಓದಬೇಕು. ಅಲ್ಲಿಗೆ ಅರ್ಜಿ ಹಾಕಲು ಡಿಗ್ರಿಯಲ್ಲಿ ಇಂಥದೇ ವಿಷಯ ಅಂತಿಲ್ಲ; ಅನಾಟಮಿ, ಫಿಸಿಯಾಲಜಿ ಓದಿರಬೇಕು, ಮಾರ್ಕ್ಸ್ ಮಾತ್ರ ಚೆನ್ನಾಗಿರಬೇಕು. ಅವಳು ಸ್ಪೋರ್ಟ್ಸ್ ಸೈನ್ಸ್ ಅಂದಳು. ನಾನು ಬಯೋಮೆಡಿಕಲ್ ಸೈನ್ಸ್ ಅಂದೆ.

"ಆಟಕ್ಕೂ ಒಂದು ಡಿಗ್ರಿನಾ? ಮೈಸೂರಲ್ಲಿ ಕೇಳಿದೋರಿಗೆ ಏನಂತ ಹೇಳ್ಲಿ? ನನ್ನ ಮಗಳು ಡ್ರಿಲ್ ಮೇಡಂ ಆಗೋಕೆ ಓದ್ತಿದ್ದಾಳೆ ಅಂತಾನಾ?"

"ಅಮ್ಮಾ, ಬಯೋಮೆಡ್ ಫುಲ್ ಕೆಮಿಸ್ಟ್ರಿ. ನಂಗೆ ಆಗಲ್ಲ. ಮಾರ್ಕ್ಸ್ ಬರಲ್ಲ."

ನಿಜ ಹೇಳಬೇಕೆಂದರೆ ನನಗೆ ಅವಳು ಡಾಕ್ಟರ್ ಆಗಬೇಕಿತ್ತು. ಬಯೋಮೆಡಿಕಲ್ ಸೇರಿದರೆ ನಡುವೆ ಎಲ್ಲಾದರೂ ಮನಸ್ಸು ಬದಲಾಯಿಸಿ ಆ ಕಡೆ ಹೊರಳುತ್ತಾಳೆ ಎಂಬ ಆಸೆ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ಆಗ ನಮ್ಮತ್ತೆ ಕಾಂತಮ್ಮ ಮೂರು ತಿಂಗಳ ಮಟ್ಟಿಗೆ ಮೈಸೂರಿಂದ ಬಂದು ಪೆಟಾಲಿಂಗ್ ಜಯಾದ ನಮ್ಮ ಮನೆಯಲ್ಲಿದ್ದರು. "ದಿನಾ ನಿಮ್ಮಿಬ್ಬರ ಜಗಳ ಕೇಳಿ ಕೇಳಿ ಸಾಕಾಯ್ತು ನಂಗೆ," ಎಂದರು. "ಎರಡು ಚೀಟಿ ಬರೆದು ದೇವರ ಮುಂದೆ ಹಾಕು, ಮಗು ಎತ್ತಲಿ. ಎತ್ತಿದ ಮೇಲೆ ಯಾರೂ ಬದಲಾಯಿಸೋ ಹಾಗಿಲ್ಲ." ಅವರ ಮನೆಯಲ್ಲಿ ಗಂಡು ನೋಡುವುದರಿಂದ ಹಿಡಿದು ಸೈಟು ಕೊಳ್ಳುವವರೆಗೆ ಎಲ್ಲ ನಡೆದದ್ದು ಹೀಗೇ. ಕನ್ನಡದಲ್ಲಿ ಕೇಳಿದರೆ ಅರ್ಧ ಇಂಗ್ಲಿಷಿನಲ್ಲಿ ಉತ್ತರ ಕೊಡುವ ನವ್ಯಾ ನಕ್ಕುಬಿಡುತ್ತಾಳೆ ಅಂದುಕೊಂಡೆ. ಅವಳು ಅಜ್ಜಿಯ ಮುಖ ನೋಡಿ "ಓಕೆ" ಎಂದು ಸ್ನಾನಕ್ಕೆ ಹೋದಳು.

ನಾನು ಅಡುಗೆಕಟ್ಟೆಯ ಮೇಲೆ ಕಾಗದ ಇಟ್ಟುಕೊಂಡು ಚೀಟಿ ಬರೆಯತೊಡಗಿದೆ. ಮೊದಲನೆಯದರಲ್ಲಿ ಬಯೋಮೆಡಿಕಲ್ ಅಂತ ಬರೆದೆ. ಎರಡನೆಯದರಲ್ಲೂ ಅದನ್ನೇ ಬರೆದೆ. ಎರಡನ್ನೂ ಒಂದೇ ಥರ ಮಡಚಿ ದೇವರ ಮುಂದೆ ಇಟ್ಟೆ. ನವ್ಯಾ ಸ್ನಾನ ಮುಗಿಸಿ ಬಂದು ಒಂದನ್ನು ಎತ್ತಿದಳು.

ಉಳಿದ ಚೀಟಿಯನ್ನು ತುಳಸಿ ಬುಡಕ್ಕೆ ಹಾಕು ಎಂದರು ಅತ್ತೆ. ಬಾಲ್ಕನಿಯ ಕುಂಡದಲ್ಲಿ ನೀರು ಬಿದ್ದು ಬಿಚ್ಚಿಕೊಂಡು ಯಾರಾದರೂ ಓದಿದರೆ? ಕಸದ ಬುಟ್ಟಿಗೆ ಹಾಕೋಣವೆಂದರೆ ದೇವರ ಮುಂದೆ ಇಟ್ಟದ್ದು. ಮೋಸ ಮಾಡಲು ಇಲ್ಲದ ಭಯ ಕಸಕ್ಕೆ ಹಾಕಲು ಬಂತು ನೋಡಿ, ಇಷ್ಟೇ ನನ್ನ ಭಕ್ತಿಯ ಯೋಗ್ಯತೆ. ಕೊನೆಗೆ ಅದನ್ನು ಕುಂಕುಮದ ಡಬ್ಬಿಯ ತಳದಲ್ಲಿ ಹುಗಿದಿಟ್ಟೆ.

ಮೊದಲ ವರ್ಷ ಹೇಗೋ ದಾಟಿದಳು. ಎರಡನೆಯ ವರ್ಷ ಬಯೋಕೆಮಿಸ್ಟ್ರಿಯಲ್ಲಿ ಎರಡು ಸಲ ಫೇಲಾದಳು. ಬ್ಯಾಡ್ಮಿಂಟನ್ ಬಿಟ್ಟಳು, ಹಾಸ್ಟೆಲಿನಿಂದ ಫೋನ್ ಮಾಡುವುದು ಕಡಿಮೆಯಾಯಿತು. ಅತ್ತಾಗಲೆಲ್ಲ ನಾನು ಏನು ಹೇಳುತ್ತಿದ್ದೆ ಗೊತ್ತೇ? "ದೇವರೇ ತೋರಿಸಿದ ದಾರಿ ಕಣೇ, ಇನ್ನೂ ಸ್ವಲ್ಪ ಕಷ್ಟಪಟ್ಟು ಓದು." ಚೀಟಿ ಬರೆದದ್ದು ಒಂದು ದಿನದ ತಪ್ಪು. ಈ ಮಾತನ್ನು ಎರಡು ವರ್ಷ ಹೇಳಿದೆನಲ್ಲ, ಅದಕ್ಕೆ ಏನನ್ನೋಣ?

ಕಳೆದ ಶನಿವಾರ ಬೆಳಿಗ್ಗೆ ಹಾಸ್ಟೆಲಿನಿಂದ ಬಂದಳು. ನಮ್ಮ ಕಡೆಯವರ ಅಂಗಡಿಗಳಿರುವ ಬ್ರಿಕ್‌ಫೀಲ್ಡ್ಸ್‌ಗೆ ಹೋಗಿ ಅವಳಿಗಿಷ್ಟವಾದ ಆಪ್ಪಂ ಕಟ್ಟಿಸಿ ತಂದಿದ್ದೆ. ಪೊಟ್ಟಣ ಬಿಚ್ಚಲೂ ಇಲ್ಲ. ಓದುವ ವಿಷಯ ಬದಲಾಯಿಸಲು ಸೋಮವಾರವೇ ಕೊನೆಯ ದಿನ ಎಂದು ಕಾಲೇಜಿನಿಂದ ಮೇಲ್ ಬಂದಿತ್ತು.

"ಸ್ಪೋರ್ಟ್ಸ್ ಸೈನ್ಸ್‌ಗೆ ಹೋಗು ಪುಟ್ಟಾ," ಎಂದರು ನನ್ನ ಗಂಡ ರಾಧಾಕೃಷ್ಣ. "ಒಂದು ವರ್ಷ ಜಾಸ್ತಿ ಆಗತ್ತೆ, ಆಗ್ಲಿ. ಮಾರ್ಕ್ಸ್ ಎತ್ತಿಕೊಂಡು ಫಿಸಿಯೋಗೆ ಹಾಕು."

"ಬೇಡಪ್ಪಾ. ಫಿಸಿಯೋನೇ ಬೇಡ. ಬಯೋಮೆಡ್ ಪಾಸ್ ಆದ್ರೆ ಸಾಕು, ಯಾವ್ದಾದ್ರೂ ಲ್ಯಾಬಲ್ಲಿ ಕೆಲ್ಸ ಮಾಡ್ತೀನಿ."

"ಯಾಕೆ?"

"ಅಜ್ಜಿ ಹೇಳಿದ್ರಲ್ಲ, ಎತ್ತಿದ ಮೇಲೆ ಚೇಂಜ್ ಮಾಡ್ಬಾರ್ದು ಅಂತ. ದೇವ್ರು ಕರೆಕ್ಟಾಗೇ ಕೊಟ್ಟಿರ್ತಾರೆ. ಸೋ, ಪ್ರಾಬ್ಲಂ ಈಸ್ ಮೀ. ನಾನೇ ಅಷ್ಟು ಸ್ಮಾರ್ಟ್ ಇಲ್ಲ."

ಅಳುತ್ತಾ ಹೇಳಿದ್ದರೆ ಎಂದಿನಂತೆ ಗದರಿಬಿಡುತ್ತಿದ್ದೆ. ಅಳಲಿಲ್ಲ. ಎಂದೋ ತೀರ್ಮಾನಿಸಿಕೊಂಡವಳ ಹಾಗೆ ಹೇಳಿದಳು. ದೇವರ ಕೋಣೆಗೆ ಹೋಗಿ, ಡಬ್ಬಿಯ ಕುಂಕುಮ ತಟ್ಟೆಗೆ ಸುರಿದು, ಚೀಟಿ ತಂದು ಅವಳ ಕೈಗೆ ಕೊಟ್ಟೆ.

ಬಿಚ್ಚಿದಳು. ಓದಿದಳು. "ಇದು ನಾನು ಎತ್ತಿದ್ದಾ?"

"ಅಲ್ಲ. ಇನ್ನೊಂದು."

ಅವರಪ್ಪನಿಗೆ ಮೊದಲು ಅರ್ಥವಾಯಿತು. ನನ್ನನ್ನೊಮ್ಮೆ ನೋಡಿ, ಕಾರಿನ ಕೀ ತೆಗೆದುಕೊಂಡು ಕೆಳಗೆ ಹೋದರು. ನವ್ಯಾ ಚೀಟಿಯನ್ನು ತಿರುಗಿಸಿ ನೋಡಿದಳು, ಮತ್ತೆ ಓದಿದಳು.

"ಪ್ರತೀ ಎಕ್ಸಾಮ್ ಮುಂಚೆ ಕೇಳ್ತಿದ್ದೆ ಅಮ್ಮಾ," ಎಂದಳು. "ನನ್ನ ಮೇಲೆ ಯಾಕೆ ಕೋಪ, ಏನ್ ತಪ್ಪು ಮಾಡಿದೀನಿ ಅಂತ ದೇವ್ರನ್ನ ಕೇಳ್ತಿದ್ದೆ."

"ತಪ್ಪಾಯ್ತು ಕಂದಾ," ಎಂದೆ. ಗಂಡನಿಗಾಗಲಿ ಅತ್ತೆಗಾಗಲಿ ಒಂದು ದಿನವೂ ಆಡದ ಮಾತು. ಕೈ ಹಿಡಿಯಹೋದರೆ ಕೈ ಹಿಂದೆಗೆದುಕೊಂಡಳು. ನಾನು ಅಲ್ಲೇ ನಿಂತು ಅಳತೊಡಗಿದೆ. ಅವಳು ಸಮಾಧಾನ ಮಾಡಲಿಲ್ಲ, ಮಾಡಬೇಕಾದ್ದೂ ಇರಲಿಲ್ಲ.

ಆಮೇಲೆ ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು ಫಾರಂ ತೆರೆದಳು. ನಾನು ಹಿಂದೆ ನಿಂತು ನೋಡುತ್ತಿದ್ದೆ. ಹೆಸರು, ನಂಬರು, ಹೊಸ ವಿಷಯ ಸ್ಪೋರ್ಟ್ಸ್ ಸೈನ್ಸ್, ಎಲ್ಲ ಸರಸರನೆ ತುಂಬಿದಳು. ಬದಲಾವಣೆಗೆ ಕಾರಣವೇನು ಎಂಬಲ್ಲಿಗೆ ಬಂದಾಗ ಬೆರಳು ನಿಂತಿತು.

"ಇದ್ದದ್ದು ಇದ್ದ ಹಾಗೆ ಬರಿ," ಎಂದೆ. "ಅಮ್ಮ ಮೋಸ ಮಾಡಿದ್ಲು ಅಂತ ಬರಿ. ಯಾರು ಬೇಕಾದ್ರೂ ಓದ್ಲಿ."

ಸ್ವಲ್ಪ ಯೋಚಿಸಿ ಇಂಗ್ಲಿಷಿನಲ್ಲಿ ಒಂದೇ ಸಾಲು ಬರೆದಳು: ವಿಷಯ ಆರಿಸಿಕೊಳ್ಳುವಾಗ ನಾನು ತಪ್ಪು ಮಾಡಿದೆ.

"ನೀನೆಲ್ಲೇ ಮಾಡಿದೆ? ಸುಳ್ಳು ಯಾಕೆ ಬರೀತೀಯ?"

"ನೀನೂ ಬರ್ದಿದ್ದೆ ಅಲ್ವಾ ಅಮ್ಮಾ," ಎಂದು, ತಿರುಗಿಯೂ ನೋಡದೆ ಫಾರಂ ಕಳಿಸಿಬಿಟ್ಟಳು.