ಗಾಳಿ ಹಾಕುವ ಮಾಯಿಲಪ್ಪ

ಏಪ್ರಿಲ್ ತಿಂಗಳ ಸೆಕೆಯಲ್ಲಿ, ಉರಿಯುವ ಕೆಂಡದಿಂದ ಒಂದು ಮೊಳ ದೂರ ನಿಂತು, ಮಾಯಿಲಪ್ಪ ಉಣ್ಣೆಯ ಸ್ವೆಟರ್ ಹಾಕುತ್ತಿದ್ದರು. ಕಂದು ಬಣ್ಣದ್ದು. ಕುತ್ತಿಗೆಯವರೆಗೆ ಗುಂಡಿ. ಎರಡೂ ಮೊಣಕೈಯಲ್ಲಿ ತೂತು. ಮಂಗಳೂರಿನಲ್ಲಿ ಆ ಹೊತ್ತಿಗೆ ಜನ ಬನಿಯನನ್ನೂ ಮೈಮೇಲೆ ಇಟ್ಟುಕೊಳ್ಳಲಾರದೆ ಒದ್ದಾಡುತ್ತಿರುತ್ತಾರೆ. ಇವರ ಬೆವರು ಸ್ವೆಟರಿನ ಅಂಚಿನಿಂದ ತೊಟ್ಟಿಕ್ಕಿ ಚಪ್ಪಲಿ ಒದ್ದೆಯಾಗುತ್ತಿತ್ತು. ಆದರೂ ಗುಂಡಿ ಬಿಚ್ಚಿದವರಲ್ಲ. ಪಡೀಲಿನ ರಸ್ತೆಬದಿಯಲ್ಲಿ ಅವರ ಗ್ರಿಲ್ ಗಾಡಿ. ಅಲ್ಲಿ ನಿಂತು ಕೋಳಿಯೋ ಬಂಗುಡೆ ಮೀನೋ ತಿನ್ನುವವರಲ್ಲಿ ಹೊಸಬರಿದ್ದರೆ, "ಎಂತ ಮಾರಾಯ್ರೆ, ಜ್ವರವಾ?" ಎಂದು ಕೇಳುತ್ತಿದ್ದರು.

"ಚಳಿ."

ಅಷ್ಟೇ ಉತ್ತರ. ಹಳಬರು ಕೇಳುತ್ತಿರಲಿಲ್ಲ.

ಅವರು ಬೆಂಕಿ ಹಚ್ಚುವುದನ್ನು ನೋಡಲಿಕ್ಕೆಂದೇ ನಿಲ್ಲುವವರಿದ್ದರು. ಸೀಮೆಎಣ್ಣೆ ಮುಟ್ಟುತ್ತಿರಲಿಲ್ಲ, ಮೀನಿಗೆ ಅದರ ವಾಸನೆ ಹಿಡಿಯುತ್ತದೆ. ತೆಂಗಿನ ಗೆರಟೆಯ ಇದ್ದಿಲನ್ನು ಗುಡ್ಡದ ಹಾಗೆ ಪೇರಿಸಿ, ಬುಡದಲ್ಲಿ ಒಂದು ಗೂಡು ಬಿಟ್ಟು, ಅದರೊಳಗೆ ಉರಿಯುವ ಗೆರಟೆಯ ಚೂರೊಂದನ್ನು ತಳ್ಳುತ್ತಿದ್ದರು. ಆಮೇಲೆ ಬ್ಲೋವರ್. ಮೊದಲು ಕೈಯಲ್ಲಿ ತಿರುಗಿಸುವುದಿತ್ತು, ಕಮ್ಮಾರರ ಹತ್ತಿರ ಇರುವಂಥದ್ದು. ಹತ್ತು ವರ್ಷದಿಂದ ಕರೆಂಟಿನದು, ಕಪ್ಪು ಪ್ಲಾಸ್ಟಿಕ್ಕಿನದು, ಮುಂದೆ ಒಂದು ಕಬ್ಬಿಣದ ಮೂತಿ. ಆ ಮೂತಿಯನ್ನು ಇದ್ದಿಲಿನಿಂದ ಒಂದೂವರೆ ಗೇಣು ದೂರ ಹಿಡಿಯಬೇಕು. ಹತ್ತಿರ ಹಿಡಿದರೆ ಬೂದಿ ಹಾರುತ್ತದೆ, ಕಿಡಿ ಸಿಡಿದು ಗಿರಾಕಿಯ ಅಂಗಿ ತೂತಾಗುತ್ತದೆ. ದೂರ ಹಿಡಿದರೆ ಬರೀ ಹೊಗೆ. ಮೂರು ಸಣ್ಣ ಗಾಳಿ, ಒಂದು ಬಿಡುವು, ಆಮೇಲೆ ಒಂದು ಉದ್ದದ ಗಾಳಿ. ಮತ್ತೆ ಮೂರು ಸಣ್ಣದು. ಯಾವಾಗಲೂ ಹಾಗೆಯೇ. ಬಿಡುವಿನಲ್ಲಿ ತಲೆಯನ್ನು ಎಡಕ್ಕೆ ವಾಲಿಸಿ ಕಿವಿಗೊಡುತ್ತಿದ್ದರು, ಮಲಗಿದವರ ಉಸಿರು ಕೇಳುವವರ ಹಾಗೆ.

ಗಾಡಿಗೆ ಕರೆಂಟು ಬರುತ್ತಿದ್ದದ್ದು ಪಕ್ಕದ ಪಂಕ್ಚರ್ ಅಂಗಡಿಯ ಅಶ್ರಫನ ಕಡೆಯಿಂದ. ಅವನು ವಯರು ಕೊಟ್ಟವನೆಂಬ ಸಲಿಗೆಯಲ್ಲಿ ದಿನವೂ ಚುಚ್ಚುತ್ತಿದ್ದ.

"ಎಂತ ಮಾಯಿಲಣ್ಣ, ನಿಮ್ಮ ಬೆಂಕಿ ಮಾತಾಡ್ತದಾ?"

"ಅದಕ್ಕೂ ಉಸಿರು ತೆಗೀಲಿಕ್ಕೆ ಬಿಡ್ಬೇಕು, ಅಶ್ರಫ್."

"ಟಯರಿಗೆ ಗಾಳಿ ಹಾಕುವಾಗ ನಾನು ಹೀಗೆ ಕಿವಿ ಕೊಟ್ಟು ಕೂತ್ರೆ ಗಿರಾಕಿ ನಡ್ಕೊಂಡೇ ಉಳ್ಳಾಲ ಮುಟ್ಟಿಯಾನು!"

ಎಲ್ಲರೂ ನಗುತ್ತಿದ್ದರು. ಮಾಯಿಲಪ್ಪ ನಗುತ್ತಿರಲಿಲ್ಲ. ಕಪ್ಪು ಪೂರ್ತಿ ಹೋಗಿ, ಇದ್ದಿಲಿನ ಮೇಲೆಲ್ಲ ಬಿಳಿ ಬೂದಿಯ ಹೊದಿಕೆ ಬಂದ ಮೇಲೆಯೇ ಅವರು ಮೀನು ಇಡುವುದು. ಅಷ್ಟು ಹೊತ್ತಿಗೆ ಹೊಗೆ ನಿಂತಿರುತ್ತದೆ. ಹೊಗೆಗೆ ಜನ ಹೆದರುತ್ತಾರೆ. ಮಾಯಿಲಪ್ಪ ಹೆದರುತ್ತಿದ್ದದ್ದು ಹೊಗೆ ನಿಂತ ಮೇಲಿನ ಆ ಚೆಂದದ ಕೆಂಡಕ್ಕೆ.

ಇನ್ನೊಂದು ಚಾಳಿ, ಎಲ್ಲಿ ಹೋದರೂ ಕಿಟಕಿ ತೆಗೆಯುವುದು. ನೆಂಟರ ಮನೆಗೆ ಹೋದರೆ ಕೂರುವ ಮೊದಲು ಕಿಟಕಿ. ಮಳೆಗಾಲದ ಬಸ್ಸಿನಲ್ಲೂ ಕಿಟಕಿ. ಹಿಂದಿನ ಸೀಟಿನವರು ಒದ್ದೆಯಾಗಿ ಜಗಳಕ್ಕೆ ಬಂದರೆ ಕಂಡಕ್ಟರ್, "ಅಣ್ಣೆರೆ, ಬಸ್ಸಿಗೆ ಒಳಗಿನಿಂದಲೂ ಸ್ನಾನ ಮಾಡಿಸ್ತೀರಾ?" ಎನ್ನುತ್ತಿದ್ದ. ಮನೆಯಲ್ಲಿ ಬಾಗಿಲಿಗೆ ಅಡ್ಡವಾಗಿ ಚಾಪೆ ಹಾಕಿ ಮಲಗುತ್ತಿದ್ದರು, ಯಾರೂ ಅದನ್ನು ಮುಚ್ಚಬಾರದೆಂದು. ಮಲಗುವ ಮೊದಲು ಮನೆಯಲ್ಲಿದ್ದವರನ್ನು ಎಣಿಸುತ್ತಿದ್ದರು. ಮಕ್ಕಳಿಲ್ಲ. ಇದ್ದವರು ಇಬ್ಬರೇ, ಅವರು ಮತ್ತು ಹೆಂಡತಿ ದೇಯಿ. ಆದರೂ ಬೆರಳು ಮಡಚಿ ಎಣಿಸುತ್ತಿದ್ದರು. ಒಂದು, ಎರಡು. ಮೂರನೆಯ ಬೆರಳು ಅರ್ಧ ಮಡಚಿ ಹಾಗೆಯೇ ನಿಲ್ಲುತ್ತಿತ್ತು.

ಅದು ಯಾರ ಬೆರಳೆಂದು ದೇಯಿಗೆ ಗೊತ್ತಿತ್ತು. ಮದುವೆಯಾದ ವರ್ಷ ಒಮ್ಮೆ ಹೇಳಿದ್ದರು. ಮತ್ತೆ ಹೇಳಲಿಲ್ಲ.

ಪ್ರಾಯದಲ್ಲಿ ಮಾಯಿಲಪ್ಪ ಕುವೈತಿನಲ್ಲಿದ್ದರು. ಹೋಟೆಲಿನಲ್ಲಿ ಗ್ರಿಲ್ಲಿನ ಕೆಲಸ. ಅಲ್ಲಿ ಜನವರಿಯಲ್ಲಿ ಎಲುಬು ಕೊರೆಯುವ ಚಳಿ. ಅದೇ ಕೋಣೆಯ ಜೊತೆಗಾರ ಉಳ್ಳಾಲದ ಲತೇಶ್, ಇಪ್ಪತ್ತೆರಡು ವರ್ಷದ ಹುಡುಗ, ಚಳಿಗೆ ಹಲ್ಲು ಕಟಕಟ ಮಾಡುತ್ತಿದ್ದ. ಒಂದು ಸಂಜೆ ಮಾಯಿಲಪ್ಪ ಹೋಟೆಲಿನಲ್ಲಿ ಉಳಿದ ಕೆಂಡವನ್ನು ತುಪ್ಪದ ಡಬ್ಬದಲ್ಲಿ ತುಂಬಿಕೊಂಡು ಕೋಣೆಗೆ ತಂದರು. ತರುವ ಮೊದಲು ಬ್ಲೋವರ್ ಹಿಡಿದು ಹೊಗೆ ಎಲ್ಲ ಹೋಗುವಷ್ಟು ಗಾಳಿ ಹಾಕಿದ್ದರು. ಹೊಗೆ ಇಲ್ಲದಿದ್ದರೆ ಭಯ ಇಲ್ಲ ಎಂದುಕೊಂಡರು; ಕೆಂಡದಿಂದ ಕಣ್ಣಿಗೆ ಕಾಣದ ವಿಷಗಾಳಿ ಬರುತ್ತದೆಂದು ಗೊತ್ತಿರಲಿಲ್ಲ. ಕಿಟಕಿ ಹಾಕಿದರು. ಬಾಗಿಲಿನ ಸಂದಿಗೆ ಬಟ್ಟೆ ತುರುಕಿದರು. ಲತೇಶ್, "ಈಗ ಊರಿಗೆ ಬಂದ ಹಾಗೆ ಆಯ್ತು ಮಾರಾಯ್ರೆ," ಎಂದು ಹೇಳಿ ಮಲಗಿದ. ಬೆಳಿಗ್ಗೆ ತಲೆ ಸಿಡಿದು ಎಚ್ಚರಾದಾಗ ಮಾಯಿಲಪ್ಪ ತೆವಳಿಕೊಂಡು ಹೊರಗೆ ಬಿದ್ದರು. ಅವರು ಬಾಗಿಲ ಹತ್ತಿರ ಇದ್ದವರು. ಲತೇಶ್ ಏಳಲಿಲ್ಲ. ಅವನ ಮುಖ ಕೆಂಪಾಗಿತ್ತು. ಸತ್ತವನ ಹಾಗೆ ಇರಲಿಲ್ಲ, ಓಡಿ ಬಂದು ಮಲಗಿದವನ ಹಾಗೆ ಇತ್ತು.

ಸ್ವೆಟರ್ ಅವನದು. ಅದನ್ನು ಕೊಡಲಿಕ್ಕೆಂದು ಉಳ್ಳಾಲಕ್ಕೆ ಹೋದಾಗ ಅವನ ತಾಯಿ ತೆಗೆದುಕೊಳ್ಳಲಿಲ್ಲ. "ನೀನೇ ಹಾಕು ಮಗಾ. ಅವನಿಗೆ ಚಳಿ ತಡೀತಿರ್ಲಿಲ್ಲ," ಎಂದರಂತೆ. ಬೈಯಲಿಲ್ಲ. ಬೈದಿದ್ದರೆ ಮಾಯಿಲಪ್ಪ ಬೇರೆ ಮನುಷ್ಯನಾಗುತ್ತಿದ್ದರೋ ಏನೋ.

ಮಾಯಿಲಪ್ಪ ತೀರಿಹೋದದ್ದು ಕಳೆದ ಸುಗ್ಗಿ ತಿಂಗಳಲ್ಲಿ, ಮಾರ್ಚ್ ಕೊನೆಗೆ, ಹಗಲು ಹನ್ನೊಂದು ಗಂಟೆಗೆ, ಕೂತಲ್ಲೇ. ಹೃದಯ ನಿಂತಿತು ಎಂದರು ಡಾಕ್ಟರು. ಆ ಬೆಳಿಗ್ಗೆ ಗಂಜಿ ಕೇಳಿದ್ದರು. ದೇಯಿ ಬಟ್ಟೆ ಒಗೆಯುತ್ತಿದ್ದಳು. "ಸ್ವಲ್ಪ ತಡೀರಿ," ಎಂದಳು. ಅವರು ತಡೆಯಲಿಲ್ಲ. ಖಾಲಿ ಹೊಟ್ಟೆಯಲ್ಲಿ ಹೋದರು. ಸ್ವೆಟರನ್ನು ಅವರ ಜೊತೆಗೇ ಕಳಿಸಿ, ದೇಯಿ ಮನೆಯ ಕಿಟಕಿಗಳನ್ನು ಒಂದೊಂದಾಗಿ ಹಾಕಿದಳು. ಇಪ್ಪತ್ತೆಂಟು ವರ್ಷ ಸೊಳ್ಳೆ ಕಚ್ಚಿಸಿಕೊಂಡಿದ್ದಳು. ಎಲ್ಲ ಹಾಕಿದ ಮೇಲೆ ಮನೆ ಎಷ್ಟು ಬಿಗಿಯಾಯಿತೆಂದರೆ, ಅವಳು ಬಾಯಿ ಬಿಟ್ಟು ಅತ್ತದ್ದು ಪಕ್ಕದ ಮನೆಗೂ ಕೇಳಲಿಲ್ಲ.

ಮಳೆಗಾಲದ ಆಟಿ ತಿಂಗಳು ಬಂತು. ನಮ್ಮ ಕಡೆ ಆಟಿಯಲ್ಲಿ ತೀರಿಹೋದವರಿಗೆ ಬಡಿಸುವ ಕ್ರಮ ಉಂಟು. ಒಳಕೋಣೆಯಲ್ಲಿ ದೀಪ ಇಟ್ಟು, ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಹೆಸರು ಹಿಡಿದು ಕರೆದು, ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿಕೊಳ್ಳಬೇಕು. ಒಬ್ಬರು ಉಂಡು ಏಳುವಷ್ಟು ಹೊತ್ತು ಕಾಯಬೇಕು. ಬದುಕಿದವರ ಕಣ್ಣು ಒಳಗೆ ಇರಬಾರದು. ಆಮೇಲೆ ಹಿರಿಯರು ಬಾಗಿಲು ಬಡಿದು ತೆಗೆಯುತ್ತಾರೆ. ಸತ್ತ ಮೇಲಿನ ಮೊದಲ ಆಟಿ ಎಂದರೆ ದೊಡ್ಡದು. ಉಂಡು ಹೋದರು ಎಂದು ಹಿರಿಯರು ಹೇಳಿದರೆ ಮನೆಯವರ ಎದೆಯ ಭಾರ ಇಳಿಯುತ್ತದೆ. ದೇಯಿಗೆ ಬೇಕಿದ್ದದ್ದು ಅದೊಂದೇ. ಅವರು ಒಮ್ಮೆ ಉಣ್ಣಬೇಕು.

ಬಡಿಸುವ ದಿನ ಮೂರ್ಸಂಜೆಗೆ ಮನೆಯಲ್ಲಿ ಆರು ಜನ. ಮಾಯಿಲಪ್ಪನವರ ತಮ್ಮ, ತಮ್ಮನ ಹೆಂಡತಿ, ಅವರ ಮಗ ರೋಷನ್. ಮಾಯಿಲಪ್ಪನವರನ್ನು ಎತ್ತಿ ಆಡಿಸಿದ ಅಕ್ಕ ಅಮ್ಮಣ್ಣಿ, ಈಗ ಎಪ್ಪತ್ತು ದಾಟಿದವರು. ಕ್ರಮ ನಡೆಸಿಕೊಡುವ ಗುರಿಕಾರ ಪ್ರೇಮನಾಥ. ಮತ್ತೆ ದೇಯಿ. ಹೊರಗೆ ಮಳೆ ಅಡ್ಡಕ್ಕೆ ಹೊಡೆಯುತ್ತಿತ್ತು.

ಕೋಳಿ, ರೊಟ್ಟಿ, ಒಂದು ಗ್ಲಾಸು ಬ್ರಾಂಡಿ ಎಲ್ಲ ತಯಾರಿತ್ತು. ಬಂಗುಡೆ ಮಾತ್ರ ಕೆಂಡದ ಮೇಲೆಯೇ ಆಗಬೇಕು; ಅವರು ಹುರಿದದ್ದನ್ನು ಮುಟ್ಟಿದವರಲ್ಲ. ಜಗಲಿಯಲ್ಲಿ ಸಣ್ಣ ಗ್ರಿಲ್ ಇಟ್ಟು ರೋಷನ್ ಬ್ಲೋವರ್ ಹಿಡಿದ. ಮೂತಿಯನ್ನು ಇದ್ದಿಲಿಗೇ ತಾಗಿಸಿದ. ಬೂದಿ ಹಾರಿ ಗುರಿಕಾರರ ಬಿಳಿ ಅಂಗಿಯ ಮೇಲೆ ಕೂತಿತು.

"ನೀನು ದೊಡ್ಡಪ್ಪನಿಗೆ ಬಡಿಸ್ಲಿಕ್ಕೆ ಬಂದದ್ದಾ, ನನ್ನನ್ನು ಸುಡ್ಲಿಕ್ಕೆ ಬಂದದ್ದಾ?" ಎಂದರು ಪ್ರೇಮನಾಥ.

ದೇಯಿ ಬ್ಲೋವರ್ ತೆಗೆದುಕೊಂಡಳು. ಇಷ್ಟು ವರ್ಷ ನೋಡಿದ್ದಳು, ಒಮ್ಮೆಯೂ ಹಿಡಿದಿರಲಿಲ್ಲ. ಒಂದೂವರೆ ಗೇಣು. ಮೂರು ಸಣ್ಣದು, ಬಿಡುವು, ಒಂದು ಉದ್ದದ್ದು. ಬಿಡುವಿನಲ್ಲಿ ಅವಳ ತಲೆ ತಾನಾಗಿ ಎಡಕ್ಕೆ ವಾಲಿತು. ಇದ್ದಿಲು ಬೆಳ್ಳಗಾಯಿತು. ಅಮ್ಮಣ್ಣಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದರು.

ಬಂಗುಡೆ ಬೆಂದಿತು. ಆಗ ರೋಷನ್ ಹೇಳಿದ, "ದೊಡ್ಡಮ್ಮ, ಈ ಮಳೆಗೆ ಮೀನು ಒಂದು ನಿಮಿಷದಲ್ಲಿ ತಣ್ಣಗಾಗ್ತದೆ. ಗ್ರಿಲ್ಲನ್ನೇ ಒಳಗೆ ಇಡುವ. ದೊಡ್ಡಪ್ಪ ಬಿಸಿಬಿಸಿ ತಿನ್ಲಿ."

ದೇಯಿ ಒಳಕೋಣೆಯ ಕಡೆ ನೋಡಿದಳು. ಒಳಗೆ ಕೆಂಡ, ಹಾಕಿದ ಕಿಟಕಿ, ಹಾಕುವ ಬಾಗಿಲು. ಆದರೆ ಕೋಣೆಯಲ್ಲಿ ಬದುಕಿದವರು ಯಾರೂ ಇರುವುದಿಲ್ಲವಲ್ಲ, ಸತ್ತವರಿಗೆ ಕೆಂಡ ಏನು ಮಾಡೀತು ಎಂದುಕೊಂಡಳು. ಗ್ರಿಲ್ ಒಳಗೆ ಹೋಯಿತು. ಜೊತೆಗೆ ಬ್ಲೋವರ್ ಕೂಡ. ಕೊನೆಗೊಮ್ಮೆ ಕೆಂಡಕ್ಕೆ ಗಾಳಿ ಹಾಕಿ, ಅದರ ಮೂತಿಯನ್ನು ಗ್ರಿಲ್ಲಿನ ಕಡೆಗೇ ಬಿಟ್ಟು, ಸ್ವಿಚ್ ಆರಿಸಿದ್ದು ದೇಯಿಯೇ.

ಪ್ರೇಮನಾಥ ಕರೆದರು. "ಮಾಯಿಲಪ್ಪ, ಬಾ. ಕೂತು ಉಣ್ಣು." ಎಲ್ಲರೂ ಎದ್ದು ಹೊರಡುವಾಗ ಕರೆಂಟು ಹೋಯಿತು. ಎಲೆಯ ಮುಂದಿನ ಸಣ್ಣ ದೀಪದ ಬೆಳಕು ಬಾಗಿಲವರೆಗೆ ಬರುತ್ತಿರಲಿಲ್ಲ; ಕತ್ತಲಲ್ಲಿ ಒಬ್ಬರಿಗೊಬ್ಬರು ತಾಗಿಕೊಂಡು ಜಗಲಿಗೆ ಬಂದರು. ಬಾಗಿಲು ಹಾಕಿದರು.

ಮಳೆ ಮಾತ್ರ. ಬಹಳ ಹೊತ್ತಾಯಿತು.

ಆಮೇಲೆ ಒಳಗೆ ಬ್ಲೋವರ್ ಸದ್ದಾಯಿತು.

ಮೂರು ಸಣ್ಣದು. ಬಿಡುವು. ಒಂದು ಉದ್ದದ್ದು.

"ಕರೆಂಟ್ ಬಂತು ಕಾಣ್ತದೆ," ಎಂದ ರೋಷನ್. ಜಗಲಿಯ ಬಲ್ಬು ಉರಿದಿರಲಿಲ್ಲ. ಎದುರಿನ ಮನೆಗಳೆಲ್ಲ ಕಪ್ಪಗಿದ್ದವು.

ಮೂರು ಸಣ್ಣದು. ಬಿಡುವು.

"ಬಂದಿದ್ದಾನೆ," ಎಂದು ಪ್ರೇಮನಾಥ ಕೈಮುಗಿದರು. ತಮ್ಮನ ಹೆಂಡತಿ ಅಳತೊಡಗಿದಳು. ದೇಯಿ ಅಳಲಿಲ್ಲ. ಗಂಡ ಯಾವಾಗ ಗಾಳಿ ಹಾಕುತ್ತಿದ್ದರೆಂದು ಅವಳಿಗೆ ಗೊತ್ತು. ಕೂತು ಉಣ್ಣುವವರು ಗಾಳಿ ಹಾಕುವುದಿಲ್ಲ. ಅವಳ ಬೆರಳು ಮಡಚಿಕೊಂಡವು. ಗುರಿಕಾರರು ಒಂದು, ಮೈದುನ ಎರಡು, ಅವನ ಹೆಂಡತಿ ಮೂರು, ರೋಷನ್ ನಾಲ್ಕು, ತಾನು ಐದು.

"ಅಮ್ಮಣ್ಣಿ ಅಕ್ಕ ಎಲ್ಲಿ?"

ದೇಯಿ ಬಾಗಿಲಿಗೆ ಕೈ ಹಾಕಿದಳು. ಪ್ರೇಮನಾಥ ಅವಳ ತೋಳು ಹಿಡಿದರು.

"ದೇಯಿ, ತೆಗೀಬಾರ್ದು. ಬಾಯಿಗಿಟ್ಟ ಅನ್ನ ಬಿಟ್ಟು ಎದ್ದು ಹೋಗ್ತಾನೆ. ಮತ್ತೆ ಕರೆದ್ರೂ ಬರ್ಲಿಕ್ಕಿಲ್ಲ."

"ಹೋಗ್ಲಿ," ಎಂದಳು ದೇಯಿ.

ಹೆಗಲು ಕೊಟ್ಟು ಬಾಗಿಲು ತಳ್ಳಿದಳು. ಬ್ಲೋವರ್ ನಿಂತಿತು. ರೋಷನ್ ಮೊಬೈಲಿನ ಬೆಳಕು ಹಿಡಿದ. ಹೊಗೆ ಇರಲಿಲ್ಲ. ಕೆಂಡ ಚೆಂದಕ್ಕೆ ಬೆಳಗುತ್ತಿತ್ತು. ಅಕ್ಕಿಯ ಡ್ರಮ್ಮಿನ ಹಿಂದೆ, ಗೋಡೆಗೆ ಒರಗಿ, ಅಮ್ಮಣ್ಣಿ ಕೂತಿದ್ದರು. ಗಲ್ಲ ಎದೆಗೆ ತಾಗಿತ್ತು. ಮುಖ ಕೆಂಪಾಗಿತ್ತು, ಓಡಿ ಬಂದು ಕೂತವರ ಹಾಗೆ.

ಎಳೆದುಕೊಂಡು ಅಂಗಳಕ್ಕೆ ಹಾಕಿದರು. ಮಳೆ ಮುಖಕ್ಕೆ ಹೊಡೆಯಿತು. ದೇಯಿ ಕೆನ್ನೆಗೆ ಬಡಿದಳು, ಹೆಸರು ಕೂಗಿದಳು, ಬೈದಳು. ಬಹಳ ಹೊತ್ತಿನ ಮೇಲೆ ಅಮ್ಮಣ್ಣಿ ವಾಂತಿ ಮಾಡಿಕೊಂಡರು. ಕಣ್ಣು ಬಿಟ್ಟರು. ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿ ಎರಡು ದಿನ ಮಲಗಿಸಿದರು.

"ಎಂತಕ್ಕೆ ಒಳಗೆ ಕೂತದ್ದು ಅಕ್ಕ?" ಎಂದು ದೇಯಿ ಕೇಳಿದಳು.

"ಒಂದು ಸಲ ನೋಡ್ಬೇಕಿತ್ತು ಮಾರಾಯ್ತಿ. ನಾನು ಸಾಕಿದ ಮಗು ಅವನು. ನನ್ನ ಕಣ್ಣು ಅವನಿಗೆ ತಾಗ್ತದಾ?"

"ಕಂಡರಾ?"

"ಇಲ್ಲ. ಮೀನಿನ ಪರಿಮಳ ಬಂತು. ನಿದ್ದೆ ಬಂತು. ಬೈಗುಳ ಮಾತ್ರ ಕೇಳಿತು. ಕಿಟಕಿ ಹಾಕಿದ್ದು ಯಾರು ಅಂತ."

ಒಂದು ಫೇಸಿನಲ್ಲಿ ಮಾತ್ರ ಕರೆಂಟು ಬಂದು ಹೋಗಿ ಮಾಡಿರಬೇಕು, ಅಮ್ಮಣ್ಣಿ ಅತ್ತೆ ಕತ್ತಲಲ್ಲಿ ಗೋಡೆ ತಡಕುವಾಗ ಸ್ವಿಚ್ ಒತ್ತಿರಬೇಕು ಎಂದು ರೋಷನ್ ಹೇಳುತ್ತಾನೆ. ಇರಬಹುದು. ಅಮ್ಮಣ್ಣಿ ಕೂತದ್ದು ಈಚೆ ಗೋಡೆಗೆ, ಸ್ವಿಚ್ ಇರುವುದು ಆಚೆ ಗೋಡೆಯಲ್ಲಿ. ದೇಯಿ ಅವನೊಡನೆ ವಾದಕ್ಕೆ ಹೋಗಲಿಲ್ಲ.

ಎಲೆಯಲ್ಲಿ ಒಂದು ಅಗುಳೂ ಅಲುಗಿರಲಿಲ್ಲ. ಬ್ರಾಂಡಿ ಹಾಗೆಯೇ ಇತ್ತು. "ಉಪವಾಸ ಹೋದ," ಎಂದು ಪ್ರೇಮನಾಥ ಎದ್ದು ಹೋದರು. ಆ ಮಾತು ದೇಯಿಯ ಗಂಟಲಲ್ಲಿ ಮುಳ್ಳಿನ ಹಾಗೆ ಬಹಳ ದಿನ ನಿಂತಿತು. ಎರಡನೆಯ ಸಲವೂ ಹಸಿದೇ ಹೋದರು, ಎರಡು ಸಲವೂ ಅವಳ ಕೈಯಿಂದಲೇ. ಆದರೆ ಯೋಚಿಸಿದಷ್ಟೂ ಅವಳಿಗೆ ಒಂದು ತಿಳಿಯುತ್ತಾ ಬಂತು. ಆ ಬಾಗಿಲನ್ನು ತೆಗೆಯದೆ ಅಕ್ಕ ಒಳಗೇ ಸತ್ತಿದ್ದರೆ ಅವರು ಮುಂದೆ ಯಾವ ಎಲೆಯಲ್ಲೂ ಉಣ್ಣುತ್ತಿರಲಿಲ್ಲ.

ಒಂದು ತಪ್ಪನ್ನು ಜೀವಮಾನವಿಡೀ ಹೊತ್ತು ನಡೆಯುವವರು ಎಲ್ಲ ಊರಲ್ಲೂ ಒಬ್ಬಿಬ್ಬರು ಇರುತ್ತಾರೆ. ಕಿಟಕಿ ತೆಗೆಯುತ್ತಾರೆ, ತಲೆ ಎಣಿಸುತ್ತಾರೆ, ಹೇಳಿದ್ದನ್ನೇ ಹೇಳುತ್ತಾರೆ. ಇವರದೊಂದು ಕಿರಿಕಿರಿ ಎಂದು ಮನೆಯವರೇ ಗೊಣಗುತ್ತಾರೆ. ಅವರಿಂದ ಯಾರ ಜೀವ ಉಳಿಯಿತೆಂದು ಯಾರಿಗೂ ಗೊತ್ತಾಗುವುದಿಲ್ಲ, ಏಕೆಂದರೆ ಏನೂ ಆಗಿರುವುದಿಲ್ಲ. ಸತ್ತ ಮೇಲೆ ನಾವು ಎಲೆ ಹಾಕಿ, ಇಷ್ಟದ್ದೆಲ್ಲ ಬಡಿಸಿ ಕರೆಯುತ್ತೇವೆ. ಅಂಥವರು ಊಟಕ್ಕೆ ಬರುವುದಿಲ್ಲ. ಕೆಲಸ ಇದ್ದರೆ ಬರುತ್ತಾರೆ.