ಎಪ್ಪತ್ತೈದು ಎಲೆಯ ಕಟ್ಟು

ಶನಿವಾರ ಬೆಳಿಗ್ಗೆ ಏಳು ಗಂಟೆ ಐದು ನಿಮಿಷಕ್ಕೆ ಎಲೆ ಶೆಡ್ಡಿನ ಯಜಮಾನ ಖಾದರಸಾಬ, ಫರ್ಹತ ಕಟ್ಟಿದ್ದ ವೀಳ್ಯದೆಲೆಯ ಕಟ್ಟೊಂದನ್ನು ಬಿಚ್ಚಿ ಎಣಿಸಿದ. ಎಪ್ಪತ್ತೈದು ಎಲೆ ಇದ್ದವು. ನೂರಿರಬೇಕಿತ್ತು.

ಇನ್ನೊಂದು ಬಿಚ್ಚಿದ. ಅದೂ ಎಪ್ಪತ್ತೈದು. ಮೂರನೆಯದನ್ನು ತಾನು ಎಣಿಸದೆ ಅನ್ನವ್ವನ ಮುಂದಿಟ್ಟ. ಅನ್ನವ್ವ ಆ ಶೆಡ್ಡಿನ ಹಿರಿಯಳು. ಇಪ್ಪತ್ತಾರು ವರ್ಷದಿಂದ ಎಲೆ ಕಟ್ಟುತ್ತಿದ್ದವಳು. ಅವಳು ಕಟ್ಟನ್ನು ಅಂಗೈಯಲ್ಲಿ ಒಮ್ಮೆ ತೂಗಿ ನೋಡಿ, ಎಣಿಸುವ ಅಗತ್ಯವಿಲ್ಲವೆಂಬಂತೆ ಕೆಳಗಿಟ್ಟಳು. ಉಳಿದ ನಾಲ್ವರು ಹೆಂಗಸರ ಕೈ ನಿಂತವು.

ಸವಣೂರಿನ ಹೊರಗೆ, ಎಲೆತೋಟಗಳ ಅಂಚಿಗೆ, ತಗಡಿನ ಮಾಡಿನ ಆ ಶೆಡ್ಡಿನಲ್ಲಿ ಆರು ಹೆಂಗಸರು ದಿನಗೂಲಿಗೆ ಎಲೆ ಆರಿಸಿ ಕಟ್ಟುತ್ತಾರೆ. ಹರಿದದ್ದು, ಕಲೆ ಬಿದ್ದದ್ದು ತೆಗೆದು, ನೂರು ಎಲೆಗೆ ಒಂದು ಕಟ್ಟು ಮಾಡಿ, ಬಾಳೆನಾರಿನಿಂದ ಬಿಗಿದು, ಒದ್ದೆ ಚೀಲದ ಕೆಳಗೆ ಇಡಬೇಕು. ಶನಿವಾರ ಒಂಬತ್ತಕ್ಕೆ ಟೆಂಪೊ ಹುಬ್ಬಳ್ಳಿಗೆ ಹೊರಡುತ್ತದೆ. ಅಲ್ಲಿಯ ವ್ಯಾಪಾರಿ ಯಾವುದೋ ಒಂದು ಕಟ್ಟು ಎತ್ತಿ ಎಣಿಸುತ್ತಾನೆ. ಅದು ಕಡಿಮೆ ಬಿದ್ದರೆ ಇಡೀ ಮಾಲು ವಾಪಸು. ಅದಕ್ಕಾಗಿಯೇ ಖಾದರಸಾಬ ದಿನಾ ಸಂಜೆ ಒಬ್ಬೊಬ್ಬರ ಒಂದೊಂದು ಕಟ್ಟು ಬಿಚ್ಚಿ ನೋಡುತ್ತಿದ್ದ. ಈ ಶುಕ್ರವಾರ ಮಾತ್ರ ನಮಾಜು ಮುಗಿಸಿ ಬಂಕಾಪುರಕ್ಕೆ ನಿಕಾಹ್‌ಗೆ ಹೋಗಿದ್ದರಿಂದ ಆ ಕೆಲಸ ಬೆಳಗಿಗೆ ಉಳಿದಿತ್ತು.

"ಹದಿನಾಲ್ಕ ವರ್ಷ ಆತು ನೀ ಎಲಿ ಕಟ್ಟಾಕತ್ತು," ಎಂದ ಖಾದರಸಾಬ. ದನಿ ಏರಿರಲಿಲ್ಲ. "ಒಂದ ಕಟ್ಟ ಕಡಿಮಿ ಬಿದ್ರ ಕಣ್ತಪ್ಪು ಅಂತಿದ್ದೆ. ಎಲ್ಲಾ ಕಟ್ಟೂ ಒಂದ ಲೆಕ್ಕಕ್ಕ ಕಡಿಮಿ ಅಂದ್ರ ನಾ ಏನ್ ತಿಳಕೊಳ್ಳಲಿ, ಫರ್ಹತ?"

ಅವನು ಏನು ತಿಳಿದುಕೊಂಡಿದ್ದಾನೆಂದು ಎಲ್ಲರಿಗೂ ಗೊತ್ತಿತ್ತು. ಶೆಡ್ಡಿಗೆ ನಾಲ್ಕು ವರ್ಷದ ಹಿಂದೆ ಒಂದು ಸ್ಪೀಕರ್ ಬಂದಾಗ ಯಾರ ಹಾಡು ಹಾಕಬೇಕೆಂದು ದಿನಾ ಜಗಳವಾಗುತ್ತಿತ್ತು. ಖಾದರಸಾಬನೇ ಒಂದು ಕಟ್ಟಳೆ ಮಾಡಿದ: ಹಿಂದಿನ ದಿನ ಹೆಚ್ಚು ಕಟ್ಟು ಕಟ್ಟಿದವಳದೇ ಮರುದಿನದ ಹಾಡು. ಅಂದಿನಿಂದ ಹೆಚ್ಚುಕಡಿಮೆ ಎಲ್ಲ ದಿನವೂ ಅನ್ನವ್ವನ ಹಾಡೇ. ಹಳೆಯ ನಾಟಕ ಕಂಪನಿಯ ಪದಗಳು, ನಡುನಡುವೆ ಭಜನೆ. ಶುಕ್ರವಾರ ಅನ್ನವ್ವ ಐವತ್ತೆರಡು ಕಟ್ಟು ಕಟ್ಟಿದ್ದಳು. ದಿನಕ್ಕೆ ನಲವತ್ತು ದಾಟದ ಫರ್ಹತ ಅರವತ್ನಾಲ್ಕು ಕಟ್ಟಿದ್ದಳು. ತನುಜಾ ಎಂಬ ಕಿರಿಯವಳು ಸೀಟಿ ಹೊಡೆದಿದ್ದಳು. ಅನ್ನವ್ವ ಸೆರಗು ಕೊಡವಿ ಮನೆಗೆ ಹೋಗಿದ್ದಳು.

ಫರ್ಹತಳಿಗೆ ಆ ಗೆಲುವು ಏಕೆ ಬೇಕಾಗಿತ್ತೆಂಬುದೂ ಗುಟ್ಟಾಗಿರಲಿಲ್ಲ. ಇನ್ನು ಇಪ್ಪತ್ತೈದು ನಿಮಿಷಕ್ಕೆ, ಏಳೂವರೆಗೆ, ಅಮೆರಿಕದ ನ್ಯಾಶ್‌ವಿಲ್ ಎಂಬ ಊರಿನ ಹಳೆಯದೊಂದು ವೇದಿಕೆಯ ಕಾರ್ಯಕ್ರಮ ಫೋನಿನಲ್ಲಿ ನೇರ ಬರುವುದಿತ್ತು. ಅಲ್ಲಿ ಆಗ ಶುಕ್ರವಾರ ರಾತ್ರಿ ಒಂಬತ್ತು. ಆ ವೇದಿಕೆಯ ಮೇಲೆ ಡೆಲ್ಲಾ ಪ್ರೂಯಿಟ್ ಮೊದಲ ಸಲ ಹಾಡಲಿದ್ದಳು.

ಡೆಲ್ಲಾ ಫರ್ಹತಳ ಬದುಕಿನೊಳಗೆ ಬಂದದ್ದು ಜನವರಿಯಲ್ಲಿ. ಕೂಸಿನ ಕುಲಾಯಿ ಹೆಣೆಯುವ ವಿಡಿಯೋ ನೋಡುತ್ತಿದ್ದಾಗ ಅದು ಮುಗಿದು, ತಾನಾಗಿಯೇ ಇನ್ನೊಂದು ಶುರುವಾಗಿತ್ತು. ನಲವತ್ತರ ಆಸುಪಾಸಿನ ಒಬ್ಬ ಕಪ್ಪು ಹೆಂಗಸು ಮನೆಯ ಮೆಟ್ಟಿಲ ಮೇಲೆ ಕೂತು, ಚರ್ಮದ ಹಲಗೆಗೆ ಉದ್ದನೆಯ ಹಿಡಿ ಹಚ್ಚಿ ತಂತಿ ಬಿಗಿದಂಥ ವಾದ್ಯ ನುಡಿಸುತ್ತ ಹಾಡುತ್ತಿದ್ದಳು. ಒಂದು ಶಬ್ದವೂ ತಿಳಿಯಲಿಲ್ಲ. ಫರ್ಹತ ಅದನ್ನು ಆರು ಸಲ ಕೇಳಿದಳು. ಮರುದಿನ ಅಕ್ಕನ ಮಗಳು ಮದಿಹಾಳನ್ನು ಕೂಡಿಸಿಕೊಂಡು ಅರ್ಥ ಕೇಳಿದಳು. ಮದಿಹಾ ಬಿ.ಎ. ಎರಡನೇ ವರ್ಷ ಓದುತ್ತಿದ್ದಳು. ಹಾಡಿನಲ್ಲಿದ್ದದ್ದು, ಶಾಲೆಯ ಬಸ್ಸು ಓಡಿಸುವ ಹೆಂಗಸೊಬ್ಬಳು ಸಂಜೆ ಬಸ್ಸಿನ ಗಾಜು ಒರೆಸುವಾಗ ಮಕ್ಕಳ ಬೆರಳಿನ ಗುರುತು ನೋಡುತ್ತ ನಿಲ್ಲುವುದು, ಅಷ್ಟೇ. ಡೆಲ್ಲಾ ಎರಡು ವರ್ಷದ ಹಿಂದಿನವರೆಗೂ ಅಂಥ ಬಸ್ಸನ್ನೇ ಓಡಿಸುತ್ತಿದ್ದಳಂತೆ.

ಅಲ್ಲಿಂದ ಮುಂದೆ ಫರ್ಹತಳಿಗೆ ಬೇರೆ ಧ್ಯಾಸವಿರಲಿಲ್ಲ. ಅದು ಕಂಟ್ರಿ ಎಂಬ ಸಂಗೀತ, ಅಮೆರಿಕದ ಹಳ್ಳಿಗಾಡಿನದು, ಬಿಳಿಯರದು ಎಂದು ಲೋಕ ತಿಳಿದಿರುವಂಥದು. ಆದರೆ ಆ ಬ್ಯಾಂಜೊ ಎಂಬ ವಾದ್ಯ, ಆಫ್ರಿಕಾದಿಂದ ಗುಲಾಮರಾಗಿ ಒಯ್ಯಲ್ಪಟ್ಟವರು ನೆನಪಿನಲ್ಲಿ ಹೊತ್ತುಕೊಂಡು ಹೋದದ್ದು. ನೂರು ವರ್ಷದ ಹಿಂದೆ ರೆಕಾರ್ಡು ಕಂಪನಿಗಳು ಬಿಳಿಯರ ಹಾಡನ್ನು ಒಂದು ಹೆಸರಿನಲ್ಲಿ, ಕರಿಯರ ಹಾಡನ್ನು ಇನ್ನೊಂದು ಹೆಸರಿನಲ್ಲಿ ಮಾರಿದವು. ಇಂದಿಗೂ ಅಲ್ಲಿಯ ಕಂಟ್ರಿ ರೇಡಿಯೋದಲ್ಲಿ ಕಪ್ಪು ಹೆಂಗಸರ ದನಿ ಕೇಳುವುದು ಅಪರೂಪ. ಫರ್ಹತ ಇವನ್ನೆಲ್ಲ ಚಹಾದ ಹೊತ್ತಿಗೆ ಶೆಡ್ಡಿನಲ್ಲಿ ಹೇಳುತ್ತಿದ್ದಳು, ಓಣಿಯ ಆಸ್ತಿ ವ್ಯಾಜ್ಯ ಹೇಳಿದ ಹಾಗೆ.

"ತೋಟಾ ಹಚ್ಚಿದವರು ಇವರು. ಬೇಲಿ ಹಾಕಿ ಇವರನ್ನ ಹೊರಗ ನಿಲ್ಲಿಸಿದವರು ಬ್ಯಾರೇದವರು. ಈಗ ಒಬ್ಬೊಬ್ಬಾಕಿನ ಬೇಲಿ ದಾಟಿ ಬರಾಕತ್ತಾಳ," ಎಂದಿದ್ದಳು ಒಮ್ಮೆ.

ಹಾಗೆ ಬೇಲಿ ದಾಟಿದವರ ಹೆಸರುಗಳನ್ನು ಒಂದು ಹಳೆಯ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಒಟ್ಟು ಒಂಬತ್ತು. ಯಾರು ಯಾವ ಊರಿನವರು, ಯಾವ ವಾದ್ಯ, ಏನು ಕೆಲಸ ಮಾಡಿಕೊಂಡಿದ್ದರು ಎಂಬುದೂ ಇತ್ತು. ಡೆಲ್ಲಾಗೆ ಸವಣೂರಿನಲ್ಲಿ ಯಾರಾದರೂ ನೆಂಟರಿದ್ದಾರೇನು ಎಂದು ತನುಜಾ ಕೇಳುತ್ತಿದ್ದಳು. ಫೋಟೋ ನೋಡಿದ ಇನ್ನೊಬ್ಬಳು, ಇವಳು ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಗಳಂತೆಯೇ ಇದ್ದಾಳೆ ಎಂದಾಗ ಫರ್ಹತ, ಹೌದು, ಇಬ್ಬರ ಮೂಲವೂ ಆಫ್ರಿಕಾವೇ ಎಂದು ಮತ್ತೆ ಅರ್ಧ ಗಂಟೆ ಶುರುಮಾಡಿದ್ದಳು. ಅನ್ನವ್ವ ಮಾತ್ರ ಎಂದೂ ಏನೂ ಕೇಳಿರಲಿಲ್ಲ.

ಶನಿವಾರ ಟೆಂಪೊದ ದಿನವಾದ್ದರಿಂದ ರಜೆ ಸಿಗುತ್ತಿರಲಿಲ್ಲ. ಕೆಲಸದ ಹೊತ್ತಿನಲ್ಲಿ ಕೈಯಲ್ಲಿ ಫೋನಾಗಲಿ ಕಿವಿಯಲ್ಲಿ ಇಯರ್‌ಫೋನಾಗಲಿ ಇರಕೂಡದು. ಇದ್ದ ದಾರಿಯೆಂದರೆ ಸ್ಪೀಕರ್ ಒಂದೇ, ಅದಕ್ಕಿದ್ದ ದಾರಿ ಶುಕ್ರವಾರ ಗೆಲ್ಲುವುದು.

"ಮಾತಾಡು ಬೇಟಿ," ಎಂದ ಖಾದರಸಾಬ.

ಫರ್ಹತ ಬುಟ್ಟಿಯಿಂದ ಎಲೆ ತೆಗೆದು, ನಿನ್ನೆ ಹೇಗೆ ಕಟ್ಟಿದ್ದಳೋ ಹಾಗೆಯೇ ಎಡಗೈ ಮೇಲೆ ಒಂದೊಂದಾಗಿ ಇಡತೊಡಗಿದಳು. ಆ ಶೆಡ್ಡಿನಲ್ಲಿ ಯಾರೂ ನೂರರವರೆಗೆ ಎಣಿಸುವುದಿಲ್ಲ. ನಾಲ್ಕು ಎಲೆಗೆ ಒಂದು ಕೈ, ಇಪ್ಪತ್ತೈದು ಕೈಗೆ ಒಂದು ಕಟ್ಟು. ನಾಲ್ಕು ಎಲೆ ಬೀಳುವುದು ಹಾಡಿನ ತಾಳಕ್ಕೆ, ಪೆಟ್ಟಿಗೊಂದರಂತೆ. ಅನ್ನವ್ವನ ನಾಟಕದ ಪದವಿರಲಿ, ಭಜನೆಯಿರಲಿ, ನಾಲ್ಕು ಪೆಟ್ಟಿಗೆ ಒಂದು ಸುತ್ತು ಮುಗಿಯುತ್ತಿತ್ತು. ಕೈಗೆ ಅದು ರೂಢಿಯಾಗಿ ಹೋಗಿತ್ತು. ಬಾಯಿ ಎಣಿಸುತ್ತಿದ್ದದ್ದು ಕೈಗಳನ್ನು ಮಾತ್ರ.

ಫರ್ಹತಳ ಬೆರಳು ಒಂದು, ಎರಡು, ಮೂರು ಎಲೆ ಇಟ್ಟಿತು. ಒಂದು ಕೈ ತುಂಬಿತು. ಮತ್ತೆ ಒಂದು, ಎರಡು, ಮೂರು.

ಅವಳು ತನ್ನ ಬೆರಳನ್ನೇ ನೋಡಿದಳು. ನಿನ್ನೆ ಇಡೀ ದಿನ ಸ್ಪೀಕರಿನಲ್ಲಿ ಅನ್ನವ್ವನ ಭಜನೆ ನಡೆದಿತ್ತು. ಫರ್ಹತಳ ತಲೆಯಲ್ಲಿ ನಡೆದಿದ್ದದ್ದು ಡೆಲ್ಲಾಳ ಬಸ್ಸಿನ ಹಾಡು.

"ಚಾಚಾ, ಆ ಹಾಡು ಮೂರರದು," ಎಂದಳು.

ಖಾದರಸಾಬನಿಗೆ ತಿಳಿಯಲಿಲ್ಲ. ಅವಳು ಇನ್ನೊಮ್ಮೆ ಎಲೆ ಇಟ್ಟು ತೋರಿಸಿದಳು. ಈ ಹಾಡು ಮೂರು ಪೆಟ್ಟಿಗೇ ತಿರುಗುತ್ತದೆ, ಅದಕ್ಕೆ ಕೈಗೆ ಮೂರೇ ಎಲೆ ಬಿದ್ದಿವೆ, ನಿನ್ನೆಯ ಎಲೆ ಖಲಂದರನ ತೋಟದ ದಪ್ಪ ಎಲೆ, ಕಟ್ಟು ತೋರವಾಗಿಯೇ ಕಂಡಿತು ಎಂದಳು. ಖಾದರಸಾಬ ಮೂವತ್ತು ವರ್ಷದಲ್ಲಿ ನೂರು ನೆಪ ಕೇಳಿದ್ದ. ಮಳೆಯ ನೆಪ, ಕಣ್ಣು ಮಂಜಿನ ನೆಪ, ಸೊಸೆಯ ನೆಪ. ಇಂಥದನ್ನು ಕೇಳಿರಲಿಲ್ಲ. ನಂಬಬೇಕೋ ಬೇಡವೋ ಎಂದು ಅನ್ನವ್ವನ ಮುಖ ನೋಡಿದ.

"ಕಳ್ಳತನ ಮಾಡಾಕಿ ಎರಡ ಎಲಿ ಕದೀತಾಳ, ಮೂರ ಎಲಿ ಕದೀತಾಳ," ಎಂದಳು ಅನ್ನವ್ವ. "ಇಪ್ಪತ್ತೈದು ಕದ್ದು, ನಾಳಿ ನೀವ ಬಿಚ್ಚಿ ನೋಡೂ ಹಂಗ ಯಾರ ಇಡ್ತಾರ್ರಿ? ಇಕಿ ಹುಚ್ಚಿ ಅದಾಳ, ಕಳ್ಳಿ ಅಲ್ಲ."

ತನುಜಾ ನಕ್ಕಳು. ಖಾದರಸಾಬ ಗೋಡೆಯ ಗಡಿಯಾರ ನೋಡಿದ. ಏಳೂ ಹನ್ನೆರಡು. ಕಟ್ಟು ಅರವತ್ನಾಲ್ಕು. ಎಲ್ಲ ಬಿಚ್ಚಿ ಒಂಬತ್ತರೊಳಗೆ ಕಟ್ಟಬೇಕು, ಅಲ್ಲಿಯವರೆಗೆ ಫೋನು, ಸ್ಪೀಕರು ಯಾವುದೂ ಇಲ್ಲ ಎಂದ.

ಫರ್ಹತ ತಲೆಯಾಡಿಸಿದಳು. ನ್ಯಾಯ ಅದೇ ಇತ್ತು. ಫೋನು ತೆಗೆದು ಊಟದ ಚೀಲದೊಳಗಿಟ್ಟಳು. ಚೀಲದ ಬಾಯಿ ಕಟ್ಟುವಾಗ ಸ್ವಲ್ಪ ಹೊತ್ತು ಹಿಡಿಯಿತು.

ಅಷ್ಟರಲ್ಲಿ ಅನ್ನವ್ವ ಲೆಕ್ಕ ಹಾಕಿ ಮುಗಿಸಿದ್ದಳು. ಎಲ್ಲವನ್ನೂ ಬಿಚ್ಚುವ ಅಗತ್ಯವೇ ಇಲ್ಲ ಎಂದಳು. ನಾಲ್ಕು ಕಟ್ಟಿಗೆ ಒಂದನ್ನು ಬಿಚ್ಚಿದರೆ ಎಪ್ಪತ್ತೈದು ಎಲೆ ಸಿಗುತ್ತದೆ. ಅದನ್ನು ಉಳಿದ ಮೂರಕ್ಕೆ ಇಪ್ಪತ್ತೈದರಂತೆ ಹಂಚಿದರೆ ಮೂರೂ ನೂರಾಗುತ್ತವೆ. ಬಿಚ್ಚುವುದು ಹದಿನಾರು, ತುಂಬುವುದು ನಲವತ್ತೆಂಟು. ಆರು ಜನ ಕೂತರೆ ಗಂಟೆಯ ಕೆಲಸ.

"ಅಂದ್ರ ಇಕಿ ಕಟ್ಟಿದ್ದು ನಲವತ್ತೆಂಟು. ನಂದು ಐವತ್ತೆರಡು. ಹೌದಿಲ್ರಿ ಖಾದರಸಾಬರ?"

ಖಾದರಸಾಬ ಹೌದೆಂದ.

"ಅಂದ್ರ ಇವತ್ತಿನ ಹಾಡು ನಂದು."

"ಹೌದವಾ. ಆದರ ಈಗ ಯಾವ ಹಾಡೂ ಬ್ಯಾಡ ಅಂದೇನಲ್ಲ."

"ನಾಕ ವರ್ಷ ಆತು, ಹಾಡಿಲ್ಲದ ನಮ್ಮ ಕೈ ಓಡೂದಿಲ್ಲ. ಒಂಬತ್ತಕ್ಕ ಟೆಂಪೊ ಹೋಗಬೇಕೋ ಬ್ಯಾಡೋ?" ಎಂದು ಅನ್ನವ್ವ ಫರ್ಹತಳ ಕಡೆ ತಿರುಗಿದಳು. "ಎಷ್ಟಕ್ಕ ಹಾಡ್ತಾಳ ನಿಮ್ಮಾಕಿ?"

ಫರ್ಹತ ಏಳೂವರೆಗೆ ಕಾರ್ಯಕ್ರಮ ಶುರು, ಡೆಲ್ಲಾ ಮೂರನೆಯವಳು ಎಂದಳು. ಆಮೇಲೆ ತಡೆಯಲಾಗದೆ, "ಆದರ ಅನ್ನವ್ವಕ್ಕಾ, ಹಾಡು ನಿಮ್ಮದಲ್ಲ?" ಎಂದಳು.

"ನನ್ನ ಹಾಡಿನ ದಿವಸ ನಾ ಏನ ಹಾಕಸ್ತೇನಿ ಅದು ನನ್ನ ಹಾಡು. ಐವತ್ತೆರಡ ಕಟ್ಟೀನಿ, ಪುಕ್ಕಟೆ ಏನಲ್ಲ. ಕೈ ನಿಂತಿತೋ, ಬಂದ್ ಮಾಡಸ್ತೇನಿ."

ಟೆಂಪೊದ ಮಾತಿಗೆ ಖಾದರಸಾಬ ಒಪ್ಪಿದ. ಏಳು ಇಪ್ಪತ್ತೊಂಬತ್ತಕ್ಕೆ ಫರ್ಹತಳ ಫೋನು ಸ್ಪೀಕರಿಗೆ ಕೂಡಿತು. ಫೋನನ್ನು ಖಾಲಿ ಬುಟ್ಟಿಗೆ ಒರಗಿಸಿ ಎಲ್ಲರಿಗೂ ಕಾಣುವಂತೆ ಇಟ್ಟಳು. ಮೊದಲಿಬ್ಬರು ಹಾಡಿದರು; ಇಬ್ಬರೂ ಗಂಡಸರು, ದೊಡ್ಡ ಟೋಪಿಯವರು. ಹೆಂಗಸರು ಬಿಚ್ಚುತ್ತ, ಹಂಚುತ್ತ, ಕಟ್ಟುತ್ತ ಹೋದರು. ಫರ್ಹತ ಮಾತ್ರ ಬಾಳೆನಾರಿಗೆ ಎರಡು ಸಲ ತಪ್ಪು ಗಂಟು ಹಾಕಿದಳು. ಏಳು ನಲವತ್ತಾರಕ್ಕೆ ಡೆಲ್ಲಾ ಬಂದಳು.

ಹಸಿರು ಅಂಗಿ ತೊಟ್ಟಿದ್ದಳು. ಬ್ಯಾಂಜೊದ ಪಟ್ಟಿ ಸರಿಮಾಡಿಕೊಂಡು ಮೈಕಿನ ಮುಂದೆ ನಿಂತವಳು ತಕ್ಷಣ ಹಾಡಲಿಲ್ಲ. ಏನೋ ಹೇಳಿದಳು. ಸಭೆ ನಕ್ಕಿತು, ಆಮೇಲೆ ಸುಮ್ಮನಾಯಿತು. ಪರದೆಯ ಕೆಳಗೆ ಅಕ್ಷರಗಳು ಮೂಡುತ್ತಿದ್ದವು. ಫರ್ಹತ ಎಂಟು ತಿಂಗಳಲ್ಲಿ ಮದಿಹಾಳಿಂದ ಅದನ್ನು ಓದುವಷ್ಟು ಇಂಗ್ಲಿಷು ಕಲಿತಿದ್ದಳು.

"ಏನಂತಾಳ?" ಎಂದಳು ಅನ್ನವ್ವ, ಎಲೆ ಬಿಡದೆ.

"ಅವರವ್ವ ಅಡಗಿ ಮಾಡ್ತಾ ರೇಡಿಯೋದಾಗ ಇದ ಕಾರ್ಯಕ್ರಮ ಕೇಳ್ತಿದ್ಲಂತ. ಎಲ್ಲಾ ಹಾಡೂ ಬಾಯಿಪಾಠ ಇದ್ದೂವಂತ. ಹಾಡಾವರೊಳಗ ನಮ್ಮಂಥಾಕಿ ಒಬ್ಬಾಕಿನೂ ಇಲ್ಲ ಅಂತ ಒಂದ ದಿವಸನೂ ಅನ್ನಲಿಲ್ಲಂತ." ಫರ್ಹತ ಮುಂದಿನ ಸಾಲು ಓದಿಕೊಂಡಳು. "ಅವ್ವಗ ಗೊತ್ತಿತ್ತು, ನನಗೂ ಗೊತ್ತಿತ್ತು. ಇಬ್ಬರೂ ಸುಮ್ಮನ ಹಾಡ್ತಿದ್ವಿ ಅಂತಾಳ."

ಆಮೇಲೆ ಡೆಲ್ಲಾ ಬಸ್ಸಿನ ಹಾಡು ಎತ್ತಿಕೊಂಡಳು.

ಮೊದಲ ಸಾಲಿಗೇ ಫರ್ಹತಳ ಕೈ ನಿಂತಿತು. ತನುಜಾ ಮೊಣಕೈಯಿಂದ ತಿವಿದಳು. ಅನ್ನವ್ವ ನೋಡಿದರೂ ಬಂದ್ ಮಾಡಿಸಲಿಲ್ಲ. ಅವಳ ಕಣ್ಣು ಪರದೆಯ ಮೇಲಿತ್ತು, ಕೈ ತನ್ನಷ್ಟಕ್ಕೆ ತಾನು ಹೊಸ ತಾಳಕ್ಕೆ ಎಲೆ ಇಡುತ್ತಿತ್ತು. ಎರಡು ಸಲ ತಪ್ಪಿತು, ಮೂರನೆಯ ಸಲ ಕೂತಿತು.

"ಮೂರೆಂಟಲೆ ಇಪ್ಪತ್ನಾಕು, ಮ್ಯಾಲೊಂದು," ಎಂದಳು, ತನಗೇ ಹೇಳಿಕೊಂಡಂತೆ. "ಇಪ್ಪತ್ತೈದು. ಚಲೋ ಕೂಡತೈತಿ."

ಉಳಿದವರೂ ಹಾಗೆಯೇ ಶುರುಮಾಡಿದರು. ಎಂಟು ಸುತ್ತು, ಮೇಲೊಂದು; ಕಟ್ಟು ತುಂಬಿತು. ಬಾಗಿಲಲ್ಲಿ ನಿಂತಿದ್ದ ಖಾದರಸಾಬ ಒಳಗೆ ಬಂದು ತಾನೂ ನಾರು ಸೀಳಿಕೊಡತೊಡಗಿದ. ಈ ಹೆಂಗಸಿನ ಹೆಸರೇನು ಎಂದು ಕೇಳಿದ. ಫರ್ಹತ ಉತ್ತರಿಸುವ ಮೊದಲೇ ಅನ್ನವ್ವ, "ಡೆಲ್ಲವ್ವ. ಬಸ್ ಓಡಸ್ತಿದ್ಲು," ಎಂದಳು. ಇಷ್ಟು ತಿಂಗಳೂ ಅವಳು ಒಂದೂ ಬಿಡದೆ ಕೇಳಿಸಿಕೊಂಡಿದ್ದಳೆಂದು ಫರ್ಹತಳಿಗೆ ಆಗ ಗೊತ್ತಾಯಿತು.

ಡೆಲ್ಲಾ ಎರಡು ಹಾಡು ಹಾಡಿದಳು. ಸಭೆ ಎದ್ದು ನಿಂತಿತು. ಎಂಟು ಐವತ್ತಕ್ಕೆ ಕೊನೆಯ ಕಟ್ಟು ಮುಗಿಯಿತು. ಖಾದರಸಾಬ ನಲವತ್ತೆಂಟರಲ್ಲಿ ಐದನ್ನು ಬಿಚ್ಚಿ ಎಣಿಸಿದ. ಐದೂ ನೂರಿದ್ದವು. ಟೆಂಪೊ ಹತ್ತು ನಿಮಿಷ ತಡವಾಗಿ ಹೊರಟಿತು.

ಭಾನುವಾರ ಶೆಡ್ಡಿಗೆ ರಜೆ. ಬೆಳಿಗ್ಗೆ ಹತ್ತೂವರೆಗೆ ಅನ್ನವ್ವ ಫರ್ಹತಳ ಮನೆಗೆ ಬಂದಳು. ಆ ಓಣಿಗೆ ಅವಳು ಬಂದದ್ದು ಅದೇ ಮೊದಲು. ನೀರು ಕುಡಿದು, ಚಾಪೆಯ ಮೇಲೆ ಕೂತು, ಸೆರಗಿನ ತುದಿಯ ಗಂಟು ಬಿಚ್ಚಿ ಒಂದು ಮೆಮೊರಿ ಕಾರ್ಡು ತೆಗೆದುಕೊಟ್ಟಳು. ಡೆಲ್ಲವ್ವ ಒಬ್ಬಳದೇ ಬೇಡ, ಒಂಬತ್ತೂ ಜನರದು ಬೇಕು ಎಂದಳು. ಫರ್ಹತ ನೋಟುಬುಕ್ಕು ತರಲು ಒಳಗೆ ಹೋದಳು. ಹಾಡು ತುಂಬಿಸಿ ಮುಗಿಯುವಾಗ ಮಧ್ಯಾಹ್ನ ಒಂದೂ ಇಪ್ಪತ್ತಾಗಿತ್ತು, ಅನ್ನವ್ವ ಊಟ ಅಲ್ಲಿಯೇ ಮಾಡಿದಳು.