ಚಕ್ರದ ಕೆಳಗಿನ ನೆಲ

“ಬಿಡಮ್ಮ, ಅದು ಮೂವತ್ತು ವರ್ಷದ ಮಸಿ, ಹೋಗಲ್ಲ,” ಎಂದಳು ಮಗಳು.

ತಾಯಿ ಬಿಡಲಿಲ್ಲ. ಗಂಡನ ಉಗುರುಗಳಿಗೆ ಮೂರನೆಯ ಸಲ ಸೋಪು ಹಚ್ಚಿ ಉಜ್ಜಿದರು. ನಿನ್ನೆ ಸಂಜೆ ಎದೆ ಹಿಡಿದುಕೊಂಡು ಕುಳಿತ ಎರಕದ ಮೇಸ್ತ್ರಿ ಮತ್ತೆ ಏಳಲಿಲ್ಲ. ಮಗಳ ಕೈಯಲ್ಲಿದ್ದ ಅವರ ಕೈ ತಣ್ಣಗೆ ಕೊರೆಯುತ್ತಿತ್ತು.

ಅಂಗಳದಲ್ಲಿ ಕಾರ್ಖಾನೆಯ ಮಾಲೀಕರು ಕಣ್ಣೊರೆಸಿಕೊಂಡರು, ಆಮೇಲೆ ಗಡಿಯಾರ ನೋಡಿಕೊಂಡರು. ಎರಡನ್ನೂ ಮನಸಾರೆ ಮಾಡಿದರು.

“ಮೇಡಂ, ಇದು ಹೇಳೋ ಹೊತ್ತಲ್ಲ. ಆದ್ರೆ ಚಕ್ರ ಒಯ್ಯೋ ಲಾರಿ ಬಂದು ನಿಂತಿದೆ. ಹೊಯ್ದು ನಾಲ್ಕು ದಿನ ಬಿಟ್ಟು ಅಚ್ಚು ಒಡೀಬಹುದು ಅಂತ ಲೆಕ್ಕ ಹಾಕಿ ಕೊಟ್ಟೋರು ನೀವೇ. ಇವತ್ತಿಗೆ ನಾಲ್ಕಾಯ್ತು. ಮಣ್ಣಿಗೆ ಹೋಗ್ಬಂದು ಸಂಜೆ ಒಡೆಸ್ತೀನಿ. ಮೇಸ್ತ್ರಿ ಹೊಯ್ದ ಕೊನೇ ಚಕ್ರ, ಚೆನ್ನಾಗಿ ಬರಲಿ.”

ಮಗಳು ತಲೆಯಾಡಿಸಿದಳು. ಆರು ಟನ್ನಿನ ಕಬ್ಬಿಣದ ಚಕ್ರ. ಒಳಗಿನ ಕಾವು ಆರುವ ಮುಂಚೆ ಅಚ್ಚು ಒಡೆದರೆ ಸೀಳಿಹೋಗುತ್ತದೆ. ಹಾಗಾಗಬಾರದೆಂದೇ ಲೆಕ್ಕ ಹಾಕಿದ್ದು.

*

ಕಾಲೇಜಿನಲ್ಲಿ ಗಣಿತ ಹೇಳಿಕೊಡುವ ಮಗಳ ಹತ್ತಿರ ಅಪ್ಪ ಪಾಠಕ್ಕೆ ಕೂತಿದ್ದು ತಮ್ಮ ಐವತ್ತಾರನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಓದಿದ್ದು ಎಂಟನೇ ಕ್ಲಾಸು.

“ಇದಕ್ಕೆ ಆಂಶಿಕ ಅವಕಲ ಸಮೀಕರಣ ಅಂತಾರೆ, ಅಪ್ಪ.”

“ಅಷ್ಟುದ್ದದ ಹೆಸರು ಹೇಳೋಷ್ಟರಲ್ಲಿ ಕಬ್ಬಿಣವೇ ಆರಿಹೋಗುತ್ತಲ್ಲೇ!”

ಆದರೂ ಪಟ್ಟು ಬಿಡದೆ ನಾಲ್ಕು ವರ್ಷ ಕಲಿತರು. ಕಾವು ಜಾಗದಿಂದ ಜಾಗಕ್ಕೂ ಹೊತ್ತಿನಿಂದ ಹೊತ್ತಿಗೂ ಬದಲಾಗುವುದನ್ನು ಒಂದೇ ಸಾಲಿನಲ್ಲಿ ಬರೆಯಬಹುದೆಂದು ತಿಳಿದ ದಿನ ಊಟ ಮರೆತಿದ್ದರು. ಅಂಚಿನಲ್ಲಿ ಏನಾಗುತ್ತದೆಂದು ಹೇಳದೆ ಒಳಗಿನದನ್ನು ಕಂಡುಹಿಡಿಯಲಾಗದು ಎಂಬ ಮಾತಂತೂ ಅವರಿಗೆ ತುಂಬ ಹಿಡಿಸಿತ್ತು. ಈ ಚಕ್ರದ ಲೆಕ್ಕ ನೋಡಿದಾಗಲೂ ಅದನ್ನೇ ಕೇಳಿದ್ದರು: “ಕೆಳಗಡೆ ಅಂಚಿಗೆ ಏನಿಟ್ಟಿದ್ದೀಯೇ?”

“ಅಲ್ಲೂ ಗಾಳಿ ಅಂತಲೇ ಇಟ್ಕೋ. ಲೆಕ್ಕ ಸುಲಭ ಆಗುತ್ತೆ.”

ಅಪ್ಪ ಮತ್ತೆ ಕೇಳದೆ ಲೆಕ್ಕವನ್ನು ತಮ್ಮ ನೋಟ್‌ಬುಕ್ಕಿಗೆ ಬರೆದುಕೊಂಡರು. ಮಗಳ ವಿದ್ಯೆಯ ಬಗ್ಗೆ ಅವರಿಗೆ ಹೆಮ್ಮೆಯಷ್ಟೇ ಅಳುಕೂ ಇತ್ತು.

*

“ಕನ್ನಡಕ ಹಾಕೋಣ ಕಣೇ, ಅದಿಲ್ಲದೆ ಅವರ ಮುಖ ಅವರದ್ದು ಅನ್ಸಲ್ಲ,” ಎಂದು ತಾಯಿ ಗೂಟದಲ್ಲಿದ್ದ ಅಂಗಿಯ ಜೇಬಿಗೆ ಕೈಹಾಕಿದರು. ಕನ್ನಡಕದ ಜೊತೆ ಪುಟ್ಟ ನೋಟ್‌ಬುಕ್ಕೂ ಬಂತು. ಕೊನೆಯ ಪುಟದಲ್ಲಿ ಮಗಳದೇ ಲೆಕ್ಕ, ಅಪ್ಪನ ದಪ್ಪ ಅಕ್ಷರದಲ್ಲಿ. ಕೆಳಗಿನ ಅಂಚನ್ನು ಮಾತ್ರ ಹೊಡೆದುಹಾಕಿ ಪಕ್ಕದಲ್ಲಿ ಬರೆದಿದ್ದರು:

“ಇಲ್ಲಿ ಗಾಳಿ ಇಲ್ಲ, ನೆಲ ಇದೆ. ನೆಲ ಕಾವನ್ನು ಬೇಗ ಬಿಡದು. ಏಳು ದಿನ ಬೇಕು. ಮಗಳಿಗೆ ಹೇಳಬೇಕು, ಬೇಜಾರಾಗದ ಹಾಗೆ.”

ಅವಳು ಬೆರಳಿಟ್ಟು ಸಾಲುಸಾಲಾಗಿ ನೋಡಿದಳು. ಎಲ್ಲೂ ತಪ್ಪಿರಲಿಲ್ಲ. ನಾಚಿಕೆಯೂ ಅಳುವೂ ಒಟ್ಟಿಗೇ ಬಂದವು.

ಅವಳು ಹೊರಗೆ ಬಂದಾಗ ಚಟ್ಟಕ್ಕೆ ಹೆಗಲು ಕೊಡಲು ನಾಲ್ವರು ಬಗ್ಗಿದ್ದರು. ಎಲ್ಲರ ಎದುರಿಗೇ ಹೇಳಿದಳು: “ಸಂಜೆ ಅಚ್ಚು ಒಡೀಬೇಡಿ. ನನ್ನ ಲೆಕ್ಕ ತಪ್ಪು. ಅಪ್ಪಂದು ಸರಿ. ಇನ್ನೂ ಮೂರು ದಿನ ಬೇಕು.”

“ಮೇಸ್ತ್ರಿ ಓದಿದ್ದು ಎಂಟನೇ ಕ್ಲಾಸು. ನೀವು ಕಾಲೇಜಲ್ಲಿ ಹೇಳ್ಕೊಡೋರು...” ಮಾಲೀಕರು ತಡವರಿಸಿದರು. “ಸಂಜೆ ಬನ್ನಿ, ಮುಟ್ಟಿ ನೋಡಿಬಿಡೋಣ.”

ಮಣ್ಣು ಮಾಡಿ ನೇರ ಕಾರ್ಖಾನೆಗೆ ಹೋದರು. ಮಾಲೀಕರು ಅಚ್ಚಿನ ಮೇಲೆ ಅಂಗೈಯಿಟ್ಟರು. ತಣ್ಣಗಿತ್ತು. ಸುತ್ತಿಗೆ ಹಿಡಿದವರು ಅವಳತ್ತ ನೋಡಿದರು. ಅವಳು ಮಂಡಿಯೂರಿ, ಬುಡದ ಮರಳಿನೊಳಗೆ ಕೈ ತೂರಿಸಿ, ಸುಟ್ಟಂತಾಗಿ ಎಳೆದುಕೊಂಡಳು. ಮಾಲೀಕರೂ ಕೈಹಾಕಿ ನೋಡಿ ಎದ್ದರು.

“ಸುತ್ತಿಗೆ ಕೆಳಗಿಡ್ರಪ್ಪಾ. ಲಾರಿಯವನಿಗೆ ಮೂರು ದಿನ ಬಿಟ್ಟು ಬರೋಕೆ ಹೇಳಿ.”

ಎಲ್ಲರೂ ಹೋದ ಮೇಲೆ ಅವಳು ಅಚ್ಚಿನ ಪಕ್ಕದ ನೆಲದ ಮೇಲೆ ಅಂಗೈ ಹರಡಿದಳು. ಬೆಚ್ಚಗಿತ್ತು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಕೈಯನ್ನೂ ಇಟ್ಟಳು.